ಹಲ್ಲಿನ ಬಿಳುಪೂ ಊರಿನ ನೀರೂ

ನಗುವಿನಲ್ಲಿ ಮನುಷ್ಯನ ಮನಸ್ಸು ಕಾಣುತ್ತದೆಂದು ಹಿರಿಯರು ಹೇಳುತ್ತಾರೆ. ಇಂದಿನ ಜಾಹೀರಾತುಗಳಿಗಾದರೋ ಹಲ್ಲೊಂದೇ ಕಾಣುತ್ತದೆ. ಹಲ್ಲು ಹಾಲಿನಂತೆ ಬೆಳ್ಳಗಿದ್ದರೆ ಕೆಲಸ ಸಿಗುತ್ತದೆ, ವಧೂವರರು ಒಪ್ಪುತ್ತಾರೆ ಎಂಬ ಭಾವನೆಯನ್ನು ಅವು ನಮ್ಮಲ್ಲಿ ಬಿತ್ತುತ್ತಿವೆ. ಪರಿಣಾಮವಾಗಿ ಹಣ ಕೊಟ್ಟು ಹಲ್ಲನ್ನು ಬಿಳಿ ಮಾಡಿಸಿಕೊಳ್ಳುವ ಆಸೆ ದೊಡ್ಡ ಪಟ್ಟಣಗಳನ್ನು ದಾಟಿ ನಮ್ಮ ಹುಣಸಗಿಯಂಥ ಊರುಗಳ ತರುಣ ತರುಣಿಯರನ್ನೂ ಮುಟ್ಟಿದೆ. ಈ ಬಿಳುಪಿಗಾಗಿ ಹಲ್ಲು ಏನನ್ನು ತೆರಬೇಕಾಗುತ್ತದೆ, ನಮ್ಮ ಕಡೆಯ ಹಲ್ಲಿಗೆ ಕಲೆಯಾದರೂ ಏಕೆ ಬಂದಿತು ಎಂಬ ಎರಡು ಪ್ರಶ್ನೆಗಳನ್ನು ವಾಚಕ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತುವೆಂದರೆ ಹಲ್ಲಿನ ಮೇಲಿನ ಹೊದಿಕೆ. ಇದನ್ನು ವೈದ್ಯರು ಎನಾಮಲ್ ಎನ್ನುತ್ತಾರೆ. ತೂಕದಲ್ಲಿ ಇದರ ನೂರಕ್ಕೆ ಸುಮಾರು 96 ಪಾಲು ಖನಿಜವೇ ಆಗಿದೆ. ಇದು ಅರೆಪಾರದರ್ಶಕವಾದುದರಿಂದ ಒಳಗಿನ ಡೆಂಟಿನ್ ಪದರದ ಹಳದಿ ಛಾಯೆ ಹೊರಗೆ ತೋರುತ್ತದೆ. ಆದುದರಿಂದ ಆರೋಗ್ಯವಂತನ ಹಲ್ಲು ಕೂಡ ಸುಣ್ಣದ ಗೋಡೆಯಂತೆ ಬೆಳ್ಳಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇನ್ನೊಂದು ಮುಖ್ಯ ಸಂಗತಿಯಿದೆ. ಮುರಿದ ಮೂಳೆ ಕೂಡುತ್ತದೆ. ಗಾಯಗೊಂಡ ಚರ್ಮ ಮಾಯುತ್ತದೆ. ಎನಾಮಲನ್ನು ಕಟ್ಟಿದ ಜೀವಕೋಶಗಳಾದರೋ ಹಲ್ಲು ವಸಡಿನಿಂದ ಹೊರಬರುವ ವೇಳೆಗೇ ನಾಶವಾಗಿರುತ್ತವೆ. ಸವೆದುಹೋದ ಎನಾಮಲ್ ಮತ್ತೆ ಬೆಳೆಯಲಾರದು.

ಈ ಹೊದಿಕೆ ಎಷ್ಟು ಬಾಳುತ್ತದೆಂಬುದಕ್ಕೆ ಸಾಕ್ಷಿ ನಮ್ಮ ನೆಲದಲ್ಲಿಯೇ ದೊರೆತಿದೆ. ಹುಣಸಗಿ-ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಹಲವು ವರ್ಷ ಶೋಧನೆ ನಡೆಸಿ, ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ನೆಲೆಯನ್ನು ಅಗೆಸಿದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲನ್ನು ಪರೀಕ್ಷಿಸಿಯೇ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಹೇಳಲಾಯಿತು. ಅದು 2002ರಲ್ಲಿ ಪ್ರಕಟವಾಯಿತು. ಮಣ್ಣಿನಲ್ಲಿ ಅಷ್ಟು ಕಾಲ ಉಳಿದ ವಸ್ತುವನ್ನು ನಾವು ನಮ್ಮ ಬಾಯಿಯಲ್ಲಿ ಅರುವತ್ತು ವರ್ಷ ಕಾಪಾಡಿಕೊಳ್ಳಲಾರೆವೆ?

ಇನ್ನು ಬಿಳಿ ಮಾಡುವ ಚಿಕಿತ್ಸೆಯ ವಿಷಯ. ದಂತ ಚಿಕಿತ್ಸಾಲಯಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 25ರಿಂದ 40ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುವ ಲೇಪವನ್ನು ಬಳಸುತ್ತಾರೆ. ಅದರಿಂದ ಹೊರಡುವ ಆಮ್ಲಜನಕವು ಎನಾಮಲಿನೊಳಗೆ ಇಳಿದು, ಬಣ್ಣ ಕೊಡುವ ಕಣಗಳನ್ನು ಒಡೆಯುತ್ತದೆ. ಮನೆಯಲ್ಲಿ ರಾತ್ರಿ ಅಚ್ಚಿನಲ್ಲಿ ಹಾಕಿಕೊಳ್ಳುವ ನೂರಕ್ಕೆ 10ರ ಕಾರ್ಬಮೈಡ್ ಪೆರಾಕ್ಸೈಡ್ ವಿಧಾನ 1989ರಲ್ಲಿ ಬಳಕೆಗೆ ಬಂದಿತು, ಇದು ಸೌಮ್ಯವಾದುದು. ನ್ಯಾಯವಾಗಿ ಹೇಳಬೇಕೆಂದರೆ, ಬಲ್ಲ ವೈದ್ಯರು ಪರೀಕ್ಷಿಸಿ ಹಿತಮಿತವಾಗಿ ಮಾಡಿದ ಚಿಕಿತ್ಸೆಯಿಂದ ಎನಾಮಲಿಗೆ ಶಾಶ್ವತವಾದ ದೊಡ್ಡ ಹಾನಿ ಕಂಡುಬಂದಿಲ್ಲ. ಮೇಲ್ಮೈಯ ಗಡಸುತನ ತುಸು ತಗ್ಗುತ್ತದೆ. ಜೊಲ್ಲಿನಲ್ಲಿರುವ ಸುಣ್ಣ ಮತ್ತು ರಂಜಕದ ಅಂಶಗಳು ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಕೆಲವು ದಿನ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ, ಲೇಪ ತಾಗಿದರೆ ವಸಡು ಸುಡುತ್ತದೆ.

ಆದರೆ ಲೇಪವು ಹುಳಿಯಾಗಿದ್ದರೆ, ತೀಕ್ಷ್ಣವಾಗಿದ್ದರೆ, ಮೇಲಿಂದ ಮೇಲೆ ಹಚ್ಚಿಸಿಕೊಂಡರೆ, ಎನಾಮಲಿನ ಖನಿಜ ಕರಗಿ ಮೇಲ್ಮೈ ಒರಟಾಗುತ್ತದೆ. ಮೇಲಿಂದ ಮೇಲೆ ಹಚ್ಚಿಸಿಕೊಳ್ಳುವ ಸಂಭವವೂ ಇದೆ. ಏಕೆಂದರೆ ಈ ಬಿಳುಪು ನಿಲ್ಲುವುದಿಲ್ಲ, ಒಂದೆರಡು ವರ್ಷಗಳಲ್ಲಿ ಮಾಸತೊಡಗುತ್ತದೆ. ಐರೋಪ್ಯ ಒಕ್ಕೂಟವು 2011ರಲ್ಲಿ ನೂರಕ್ಕೆ 6ಕ್ಕಿಂತ ಹೆಚ್ಚು ಪೆರಾಕ್ಸೈಡ್ ಇರುವ ಬಿಳುಪಿನ ಸಾಮಗ್ರಿಗಳನ್ನು ನಿಷೇಧಿಸಿತು. ಹದಿನೆಂಟು ತುಂಬದವರಿಗೆ ಸೌಮ್ಯ ಲೇಪವೂ ಸಲ್ಲದೆಂದಿತು. ನಮ್ಮಲ್ಲಿಯೂ ನೋಂದಣಿಯಿಲ್ಲದವರು ದಂತ ಚಿಕಿತ್ಸೆ ಮಾಡಕೂಡದೆಂದು ಕಾಯಿದೆ ಹೇಳುತ್ತದೆ. ಹೀಗಿರುವಾಗ ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಯನ್ನು ತಿಕ್ಕುವುದು, ಇದ್ದಿಲು ಇಟ್ಟಿಗೆಪುಡಿಗಳಿಂದ ಉಜ್ಜುವುದು, ನಿಂಬೆಹುಳಿ ಹಚ್ಚುವುದು ಎಂಥ ಅವಿವೇಕವೆಂದು ಬೇರೆ ಹೇಳಬೇಕಾಗಿಲ್ಲ. ಅವು ಕಲೆಯ ಜೊತೆಗೆ ಎನಾಮಲನ್ನೂ ಕೆರೆದು ತೆಗೆಯುತ್ತವೆ.

ಈಗ ಎರಡನೆಯ ಪ್ರಶ್ನೆ. ಚಹಾ, ಎಲೆಯಡಿಕೆ, ತಂಬಾಕುಗಳಿಂದ ಹಲ್ಲಿನ ಮೇಲೆ ಕೂತ ಕೊಳೆ ಒಂದು ಬಗೆ. ನಮ್ಮ ಸೀಮೆಯ ಅನೇಕ ಹಳ್ಳಿಗಳಲ್ಲಿ ಕಾಣುವ ಕಂದು ಗೆರೆಗಳೂ ಸುಣ್ಣದಂಥ ಮಚ್ಚೆಗಳೂ ಮತ್ತೊಂದು ಬಗೆ. ಅವು ಬಾಲ್ಯದಲ್ಲಿ ಕುಡಿದ ನೀರಿನಿಂದ ಹಲ್ಲಿನ ಒಳಗೇ ಮೂಡಿದವು. ಯಾದಗಿರಿ, ರಾಯಚೂರು ಜಿಲ್ಲೆಗಳ ಹಲವೆಡೆ ಗಟ್ಟಿ ಕಲ್ಲಿನ ಬಿರುಕುಗಳಿಂದ ಬರುವ ಬೋರಿನ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ದಾಟಬಾರದು. ಬೇರೆ ನೀರಿನ ಗತಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅಮೆರಿಕದ ಕೊಲೊರಾಡೋ ಪ್ರಾಂತದಲ್ಲಿ ಮೆಕೇ ಎಂಬ ದಂತವೈದ್ಯರು 1901ರಿಂದ ಇಂಥದೇ ಕಂದು ಹಲ್ಲುಗಳನ್ನು ಕಂಡು ಕಾರಣ ಹುಡುಕಿದರು. ಅದು ನೀರಿನ ಫ್ಲೋರೈಡೆಂದು ತಿಳಿದದ್ದು 1931ರಲ್ಲಿ. ಸುಮಾರು ಎಂಟು ವರ್ಷದೊಳಗೆ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಈ ನೀರು ಕುಡಿದ ಮಗುವಿನ ಎನಾಮಲ್ ಮೇಲ್ಮೈಯ ಕೆಳಗೆ ಸಣ್ಣ ಸಣ್ಣ ರಂಧ್ರಗಳಿಂದ ಕೂಡಿ ಬಲಗುಂದುತ್ತದೆ. ಇಂಥ ಹಲ್ಲಿಗೆ ಬಿಳುಪಿನ ಲೇಪ ಹಚ್ಚಿದರೆ ಕಂದು ತುಸು ತಿಳಿಯಾದೀತು. ಆದರೆ ಕುಳಿಗಳು ತುಂಬುವುದಿಲ್ಲ, ಸುಣ್ಣದ ಮಚ್ಚೆಗಳು ಕೆಲವೊಮ್ಮೆ ಮೊದಲಿಗಿಂತ ಎದ್ದು ಕಾಣುತ್ತವೆ.

ನನ್ನ ಮುಂದಿನ ಹಲ್ಲುಗಳ ಮೇಲೂ ಈ ಗೆರೆಗಳಿವೆ. “ಇಂಟರ್‌ವ್ಯೂಕ್ಕ ಹೋಗೂದ್ರೊಳಗ ಬೆಳ್ಳಗ ಮಾಡಿಸ್ಕೊಂಡ್ಬಿಡೋ” ಎಂದು ಗೆಳೆಯರು ಹೇಳುತ್ತಾರೆ. ಅವರ ಮಾತಿನಲ್ಲಿ ಪ್ರೀತಿಯಿದೆ. ಆದರೆ ಅದಕ್ಕೆ ಬೇಕಾದ ಸಾವಿರಾರು ರೂಪಾಯಿ ನಮ್ಮಂಥ ಮನೆಗಳಲ್ಲಿ ತಿಂಗಳುಗಟ್ಟಲೆಯ ಸಂತೆಯ ಖರ್ಚು. ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಅವ್ವ ಹತ್ತಿ ಬಿಡಿಸಿ ತಂದ ಕೂಲಿಯನ್ನು ಎರಡು ವರ್ಷದ ಬಿಳುಪಿಗೆ ಸುರಿಯಲು ಮನಸ್ಸು ಒಪ್ಪುವುದಿಲ್ಲ. ನನ್ನ ಹಲ್ಲಿನ ಎನಾಮಲ್ ಆಗಬೇಕಾದಂತೆ ಆಗಿಹೋಗಿದೆ. ಅದೇ ಬೋರಿನ ಕೊಡದಿಂದ ನೀರು ಕುಡಿಯುತ್ತಿರುವ ನಾಲ್ಕು ವರ್ಷದ ಮಗುವಿನ ಹಲ್ಲು ಇನ್ನೂ ಆಗಬೇಕಾಗಿದೆ.

“ಹಾಗಾದರೆ ನಾವು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೇ ಇರಬೇಕೆ?” ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ನಗಬಾರದು. ಸೆರಗು ಅಡ್ಡ ಹಿಡಿದು ನಗುವ ಹುಡುಗಿಯ ಸಂಕಟ ನಿಜವಾದುದು. ಅಂಥವರು ನೋಂದಾಯಿತ ದಂತವೈದ್ಯರಲ್ಲಿಗೆ ಹೋಗಿ, ಕಲೆ ಯಾವ ಬಗೆಯದು, ಎನಾಮಲ್ ಎಷ್ಟು ಗಟ್ಟಿಯಿದೆ ಎಂದು ಮೊದಲು ಕೇಳಿ ತಿಳಿಯಲಿ. ಅವಶ್ಯವೆನಿಸಿದರೆ ಚಿಕಿತ್ಸೆ ಪಡೆಯಲಿ. ನನ್ನ ಆಕ್ಷೇಪಣೆ ಇರುವುದು ಬೇರೆಡೆ. ನೀರಿನ ದೋಷವನ್ನು ನಾವು ಹಲ್ಲಿನ ದೋಷವೆಂದೂ, ಊರಿನ ಕೊರತೆಯನ್ನು ಒಬ್ಬೊಬ್ಬನ ಅವಮಾನವೆಂದೂ ತಿಳಿದಿದ್ದೇವೆ. ಒಬ್ಬೊಬ್ಬರೂ ತಮ್ಮ ತಮ್ಮ ಹಲ್ಲಿಗೆ ಹಣ ತೆತ್ತು ಸುಮ್ಮನಾದರೆ ಬೋರಿನ ನೀರನ್ನು ಕುರಿತು ಕೇಳುವವರಾರು? ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಹಲ್ಲಿಗೆ ಮಾತ್ರವಲ್ಲ, ಊರಿಗೂ ಸಲ್ಲುತ್ತದೆ.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಕೆಲಸವಿದೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದ ಹಳ್ಳಿಯಲ್ಲಿ ಕುಡಿಯುವ ನೀರಿನ ಮಾದರಿಗಳನ್ನು ತುಂಬಿ ಪರೀಕ್ಷೆಗೆ ಕಳುಹಿಸೋಣ. ಬಂದ ಅಂಕಿಯನ್ನು ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ತಿಳಿಯುವಂತೆ ಬರೆಯಿಸೋಣ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರಿದಷ್ಟೂ ಅದರ ಪ್ರಮಾಣ ಏರುತ್ತದೆ ಎಂಬುದನ್ನು ತಾಯಂದಿರಿಗೆ ತಿಳಿಸೋಣ. ಸುಣ್ಣ ಮತ್ತು ಪಟಿಕದಿಂದ ನೀರನ್ನು ತಿಳಿಗೊಳಿಸುವ ನಲಗೊಂಡ ವಿಧಾನ ನಮ್ಮ ದೇಶದಲ್ಲಿಯೇ ಹುಟ್ಟಿದೆ. ಎಲ್ಲಕ್ಕೂ ಮಿಗಿಲಾಗಿ, ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ನಮ್ಮ ಮಗ್ಗುಲಲ್ಲಿಯೇ ಇದೆ. ಹೊಲಕ್ಕೆ ಹರಿಯುವ ಹೊಳೆಯ ನೀರು, ಬೋರನ್ನೇ ನಂಬಿದ ಪ್ರತಿಯೊಂದು ಹಳ್ಳಿಯ ಕೊಡಕ್ಕೂ ಶುದ್ಧವಾಗಿ ಬರಬೇಕೆಂದು ಕೇಳುವುದು ನಮ್ಮ ಹಕ್ಕು.

ಅಧ್ಯಾಪಕರು ಈ ಕಾರ್ಯಕ್ಕೆ ಮಾರ್ಗದರ್ಶನ ಮಾಡಬೇಕೆಂದು ವಿನಂತಿ. ಮುಂದೆ ಈ ಕಾಲೇಜಿಗೆ ಬರುವ ಹುಡುಗ ಹುಡುಗಿಯರು ಇಂದು ಅಂಗನವಾಡಿಯಲ್ಲಿಯೂ ಶಾಲೆಯಲ್ಲಿಯೂ ನೀರು ಕುಡಿಯುತ್ತಿದ್ದಾರೆ. ಆ ನೀರು ಎಂಥದೆಂದು ನಾವು ಈ ವರ್ಷವೇ ನೋಡಬೇಕು.