ಮನುಷ್ಯನಿಗೆ ಮದ್ದು, ನಾಯಿಗೆ ವಿಷ

ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಮ್ಮ ನಿಯಮ. ಆದರೂ ಜಾತ್ರೆ, ಮದುವೆಗಳ ದಾಸೋಹದಲ್ಲಿ ಎಷ್ಟು ಉಳಿಯುತ್ತದೆಂಬುದನ್ನು ಎಲೆ ಎತ್ತುವವರು ಬಲ್ಲರು. ಉಳಿದ ಅನ್ನ-ಸಾಂಬಾರನ್ನು ಬೀದಿಯ ನಾಯಿಗಳಿಗೆ ಹಾಕುವುದು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೂಢಿ. ಹಸಿದ ಪ್ರಾಣಿಗೆ ತುತ್ತು ಸಿಗಲೆಂಬ ಆ ಭಾವ ದೊಡ್ಡದು. ಆದರೆ ಅದರಲ್ಲಿ ಕಲಸಿಹೋದ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಗೆ ವಿಷವೆಂಬುದನ್ನು ಅರಿತವರು ಕಡಿಮೆ. ನಾನೂ ಬಹುಕಾಲ ಅರಿತಿರಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ರೈತರೊಬ್ಬರು ತಮ್ಮ ಕಾವಲು ನಾಯಿಗೆ ಜಂತುಹುಳುವಿನ ಬಾಧೆಯೆಂದು ನನ್ನಲ್ಲಿಗೆ ಬಂದರು. ಬೆಳ್ಳುಳ್ಳಿ ಕ್ರಿಮಿಘ್ನ, ಅಷ್ಟಾಂಗಹೃದಯವು ಲಶುನವನ್ನು ರಸಾಯನಗಳ ಸಾಲಿನಲ್ಲಿ ಇರಿಸಿದೆ. ಹಿಂದುಮುಂದು ನೋಡದೆ, ದಿನಕ್ಕೊಂದು ಗಡ್ಡೆ ಜಜ್ಜಿ ಮುದ್ದೆಯಲ್ಲಿಟ್ಟು ಕೊಡಿ ಎಂದುಬಿಟ್ಟೆ. ವಾರದೊಳಗೆ ನಾಯಿ ಮೇಲೇಳದಾಯಿತು. ಒಸಡು ಬಿಳಿಚಿತ್ತು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಪಶುವೈದ್ಯರೊಬ್ಬರು ಅದನ್ನು ಉಳಿಸಿದರು. ನನಗೂ ನಾಲ್ಕು ಮಾತು ಹೇಳಿದರು. ನಮ್ಮ ಪೂರ್ವಿಕರು ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗೆ ಶಾಲಿಹೋತ್ರನ ಶಾಸ್ತ್ರವೆಂದು ಬೇರೆಬೇರೆಯಾಗಿಯೇ ಇರಿಸಿದ್ದರು. ಅದನ್ನು ಓದಿಯೂ ನಾನು ಮರೆತಿದ್ದೆ.

ಈ ಗಡ್ಡೆಗಳಲ್ಲಿರುವ ಗಂಧಕಯುಕ್ತ ಅಂಶಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ನಮ್ಮ ಕೆಂಪುಕಣಗಳು ತಾಳಿಕೊಳ್ಳುವುದನ್ನು ನಾಯಿಯವು ತಾಳಲಾರವು. ದೇಹತೂಕದ ಶೇ. 0.5ರಷ್ಟು ಈರುಳ್ಳಿ ಒಮ್ಮೆಗೆ ಹೊಟ್ಟೆ ಸೇರಿದರೆ ಅಪಾಯ. 10 ಕಿಲೋ ತೂಕದ ನಾಯಿಗೆ 50 ಗ್ರಾಂ, ಅಂದರೆ ಸಣ್ಣದೊಂದು ಗಡ್ಡೆ. ಬೆಳ್ಳುಳ್ಳಿಯಾದರೆ ಇನ್ನೂ ಕಡಿಮೆ ಸಾಕು. ಬೇಯಿಸಿದರೂ, ಒಗ್ಗರಣೆಯಲ್ಲಿ ಹುರಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗದು. ಲಕ್ಷಣಗಳು ಹಲವು ವೇಳೆ ಕೆಲವು ದಿನ ಕಳೆದು ಕಾಣುವುದರಿಂದ ಊಟವನ್ನು ಯಾರೂ ಶಂಕಿಸುವುದಿಲ್ಲ; ಬಿಸಿಲು ಬಡಿಯಿತೆಂದು ಸುಮ್ಮನಾಗುತ್ತಾರೆ.

ಈರುಳ್ಳಿ ಬೆಳೆಯುವ ನಾಡು ನಮ್ಮದು. ಬೆಲೆ ಕುಸಿದ ವರ್ಷ ಬದುವಿನಲ್ಲಿ ಸುರಿದ ರಾಶಿಗೆ ದನಗಳು ಬಾಯಿ ಹಾಕುವುದನ್ನು ಕಂಡಿದ್ದೇನೆ. ದನವೂ ಈ ವಿಷಕ್ಕೆ ಬಹುಬೇಗ ಈಡಾಗುವ ಪ್ರಾಣಿ. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದವರಿಗೆ ವೈದ್ಯನೊಬ್ಬ ದನದ ಮೇವಿನ ಮಾತು ಹೇಳುವುದು ಸಂಕೋಚದ ಸಂಗತಿಯೇ, ಆದರೂ ಹೇಳಿದ್ದೇನೆ.

ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ನಮ್ಮ ಹುಣಸೆಹಣ್ಣಿನಲ್ಲಿಯೂ ಅದೇ ಹುಳಿ ಹೇರಳ. ಮಕ್ಕಳು ಅಕ್ಕರೆಯಿಂದ ಕೊಡುವ ಚಾಕೊಲೇಟ್ ಹೃದಯಕ್ಕೆ ಕೇಡು.

ದಾಸೋಹದ ಅಡುಗೆಮನೆಯವರಲ್ಲಿ ಒಂದು ಬಿನ್ನಹ. ಸಾಂಬಾರು ಬೆರೆಯುವ ಮೊದಲೇ ಒಂದು ಪಾತ್ರೆ ಬರಿಯ ಅನ್ನವನ್ನೋ ಮುದ್ದೆಯನ್ನೋ ನಾಯಿಗಳಿಗೆಂದು ತೆಗೆದಿಡಿ, ಎಂಜಲೆಲೆಗಳನ್ನು ಗುಂಡಿಯಲ್ಲಿ ಮುಚ್ಚಿರಿ. ಮನೆಯ ನಾಯಿ ಈರುಳ್ಳಿ ತಿಂದುದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಪ್ರಾಣ ಹೋದೀತು. ನನ್ನಂಥವರನ್ನು ಕೇಳುತ್ತ ಕೂರದೆ ಒಂದೆರಡು ಗಂಟೆಯೊಳಗೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ.