ಹಳೆಯ ದಾರಿಯೂ ಸ್ಮಾರಕವೇ

ಮಕ್ಕಳೇ, ಹಂಪಿಗೆ ಹೋದವರೆಲ್ಲ ಕಲ್ಲಿನ ರಥ ನೋಡುತ್ತಾರೆ. ಅಲ್ಲಿನ ಹಳೆಯ ದಾರಿಗಳನ್ನು ಎಷ್ಟು ಜನ ನೋಡುತ್ತಾರೆ? ಗುಡಿಯಷ್ಟೇ ದಾರಿಯನ್ನೂ ಜೋಪಾನ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಜನ ಎಲ್ಲಿಂದ ಬಂದರು, ಎಲ್ಲಿ ನೀರು ಕುಡಿದರು, ಎಲ್ಲಿ ಸಂತೆ ಮಾಡಿದರು ಎಂಬುದನ್ನು ದಾರಿ ತಿಳಿಸುತ್ತದೆ.

1980ರ ದಶಕದಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಮತ್ತು ಸಂಗಡಿಗರು ಹಂಪಿಯ ಅವಶೇಷಗಳನ್ನು ಅಳೆದು ನಕ್ಷೆ ಬರೆದರು. ಮಣ್ಣು ಮುಚ್ಚಿದ ದಾರಿಯನ್ನು ಹುಡುಕುವುದು ಹೇಗೆ? ಕೋಟೆಯ ಬಾಗಿಲು, ಬಂಡೆಯಲ್ಲಿ ಕಡಿದ ಮೆಟ್ಟಿಲು, ಮಂಟಪ, ಬಾವಿ ಇವುಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದಾಗ ದಾರಿಯ ಜಾಡು ಸಿಗುತ್ತದೆ. ಹಲವು ದಾರಿಗಳು ಹಜಾರರಾಮ ದೇವಾಲಯದ ಬಳಿ ಕೂಡುತ್ತಿದ್ದವೆಂದು ಹೀಗೆ ತಿಳಿಯಿತು.

ಒಂದು ಮೆಟ್ಟಿಲು ಒಡೆದರೆ, ಒಂದು ಬಾವಿ ಮುಚ್ಚಿದರೆ ಈ ಜಾಡು ತಪ್ಪುತ್ತದೆ. ಆಮೇಲೆ ಹೆಸರಷ್ಟೇ ಉಳಿಯುತ್ತದೆ. ಹುಬ್ಬಳ್ಳಿಯ ದುರ್ಗದಬೈಲನ್ನೇ ನೋಡಿ. ದುರ್ಗವೆಂದರೆ ಕೋಟೆ, ಬೈಲೆಂದರೆ ಬಯಲು. ಇಂದು ಅಲ್ಲಿ ಕಾಣುವುದು ಪೇಟೆ.

ನಿಮ್ಮೂರಿನ ಹಳೆಯ ದಾರಿ ಯಾವ ಅಗಸಿ, ಯಾವ ಬಾವಿ ದಾಟಿ ಹೋಗುತ್ತಿತ್ತು? ಅಜ್ಜ-ಅಜ್ಜಿಯರನ್ನು ಕೇಳಿ. ನಕ್ಷೆ ಬರೆದು ಶಾಲೆಯ ಗೋಡೆಗೆ ಹಚ್ಚಿ. ದಾರಿಯ ಕಲ್ಲನ್ನು ಮಾತ್ರ ಕೀಳಬೇಡಿ, ಕೀಳಲು ಬಿಡಲೂಬೇಡಿ.