ಹಳೆಯ ಗೇಮ್ ಹೊಸ ರೂಪದಲ್ಲಿ ಬಂದರೆ ಚೆನ್ನಾಗಿಯೇ ಇರುತ್ತದೆಯೇ?

“ಹಳೆಯ ಗೇಮ್ ಚೆನ್ನಾಗಿತ್ತು ಅನ್ನೋದು ಬರೀ ನೆನಪಿನ ಮೋಹ, ಹೊಸ ಟೆಕ್ನಾಲಜಿಯಲ್ಲಿ ಮಾಡಿದ್ದೇ ಮೇಲು” ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಪೂರ್ತಿ ನಿಜವಲ್ಲ. ಜಿಟಿಎ ಗೇಮುಗಳಿಗೆ ಆದದ್ದನ್ನು ನೋಡಿದರೆ ಯಾಕೆಂದು ತಿಳಿಯುತ್ತದೆ.

ನಡೆದದ್ದೇನು?

ಜಿಟಿಎ 3 (2001), ವೈಸ್ ಸಿಟಿ (2002), ಸ್ಯಾನ್ ಆಂಡ್ರಿಯಾಸ್ (2004) ನಮ್ಮೂರ ಸೈಬರ್ ಸೆಂಟರ್‌ಗಳಲ್ಲೂ ಹುಡುಗರು ಮುಗಿಬಿದ್ದು ಆಡಿದ ಗೇಮುಗಳು. ಈ ಮೂರನ್ನೂ ಸೇರಿಸಿ ರಾಕ್‌ಸ್ಟಾರ್ ಕಂಪನಿ 2021ರ ನವೆಂಬರ್ 11ರಂದು ‘ಡೆಫಿನಿಟಿವ್ ಎಡಿಷನ್’ ಬಿಡುಗಡೆ ಮಾಡಿತು. ಬೆಲೆ ಸುಮಾರು 60 ಡಾಲರ್. ಆಡಿದವರಿಗೆ ಸಿಕ್ಕಿದ್ದು ವಿಕಾರವಾದ ಮುಖಗಳು, ದಾರಿಯೇ ಕಾಣದಷ್ಟು ದಪ್ಪ ಗೆರೆಗಳ ಮಳೆ, ತಪ್ಪು ಅಕ್ಷರಗಳ ಬೋರ್ಡುಗಳು. ಕಂಪ್ಯೂಟರ್ ಆವೃತ್ತಿಯನ್ನಂತೂ ಕೆಲವು ದಿನ ಹಿಂದಕ್ಕೇ ಪಡೆಯಬೇಕಾಯಿತು. ನವೆಂಬರ್ 19ರಂದು ಕಂಪನಿ ಕ್ಷಮೆ ಕೇಳಿತು.

ಮಂಜು ತೆಗೆದರೆ ತಪ್ಪೇನು?

ಪ್ಲೇಸ್ಟೇಷನ್ 2ರ ಮುಖ್ಯ ಮೆಮೊರಿ ಬರೀ 32 ಎಂಬಿ. ಇಡೀ ಊರನ್ನು ಒಟ್ಟಿಗೆ ತೋರಿಸಲು ಆಗುತ್ತಿರಲಿಲ್ಲ. ಹಾಗಾಗಿ ದೂರದ ದೃಶ್ಯವನ್ನು ಮಂಜು, ಮಬ್ಬು ಬಣ್ಣಗಳಲ್ಲಿ ಮರೆಮಾಡಿದ್ದರು. ಇದರಿಂದ ಸ್ಯಾನ್ ಆಂಡ್ರಿಯಾಸ್ ಬಹಳ ದೊಡ್ಡ ರಾಜ್ಯದಂತೆ ಅನಿಸುತ್ತಿತ್ತು. ಹೊಸದರಲ್ಲಿ ಮಂಜು ಕರಗಿತು. ಒಂದು ಬೆಟ್ಟ ಹತ್ತಿದರೆ ಮೂರು ಊರುಗಳೂ ಪಕ್ಕಪಕ್ಕದಲ್ಲೇ ಕಾಣುವಂತಾಯಿತು. ಅಂದರೆ ಮಂಜು ಕೊರತೆಯಿಂದ ಹುಟ್ಟಿದ್ದರೂ ಆಟದ ಒಂದು ಭಾಗವೇ ಆಗಿತ್ತು.

ಕಂಪ್ಯೂಟರ್ ತಾನೇ ಸರಿಮಾಡಬಲ್ಲದೇ?

ಹಳೆಯ ಚಿಕ್ಕ ಚಿತ್ರಗಳನ್ನು ದೊಡ್ಡದು ಮಾಡಲು ಮಷಿನ್ ಲರ್ನಿಂಗ್ ಬಳಸಲಾಗಿತ್ತು. ಇಂಥ ತಂತ್ರಾಂಶ ಮಸುಕಾದ ಜಾಗವನ್ನು ಊಹೆಯಿಂದ ತುಂಬುತ್ತದೆ. ಅಲ್ಲಿ ಬರೆದಿರುವುದರ ಅರ್ಥ ಅದಕ್ಕೆ ಗೊತ್ತಿರುವುದಿಲ್ಲ. ಆಕಾರಗಳನ್ನು ನುಣುಪು ಮಾಡುವಾಗಲೂ ಎಡವಟ್ಟಾಯಿತು. ಒಂದು ಡೋನಟ್ ಅಂಗಡಿಯ ಗುರುತಾಗಿದ್ದ, ಬೋಲ್ಟಿಗೆ ಹಾಕುವ ಆರು ಮೂಲೆಯ ನಟ್ ಉರುಟಾಯಿತು. ‘ನಟ್’ ಪದದ ಮೇಲಿನ ತಮಾಷೆಯೇ ಹೋಯಿತು. ಇದನ್ನು ಹಿಡಿಯಲು ಆಟ ಬಲ್ಲ ಮನುಷ್ಯರ ಕಣ್ಣು ಬೇಕು.

ನಿಜವಾದ ನಷ್ಟ ಯಾವುದು?

ಕೆಟ್ಟ ಹೊಸ ಗೇಮ್ ಬಂದರೂ ಹಳೆಯದು ಇದ್ದೇ ಇರುತ್ತದಲ್ಲ ಎನ್ನಬಹುದು. ಆದರೆ ಹೊಸದು ಬರುವ ಮೊದಲೇ ಹಳೆಯ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆಯಲಾಗಿತ್ತು. ಹಾಡುಗಳ ಪರವಾನಗಿಯ ಕಾರಣಕ್ಕೆ ರೇಡಿಯೋದ ಕೆಲವು ಹಾಡುಗಳೂ ಹೊಸದರಲ್ಲಿ ಇರಲಿಲ್ಲ. ಜನ ಸಿಟ್ಟಾದ ಮೇಲೆ ಹಳೆಯ ಕಂಪ್ಯೂಟರ್ ಆವೃತ್ತಿಗಳನ್ನು ಕಂಪನಿ ಮತ್ತೆ ಕೊಟ್ಟಿತು. ಹಳೆಯ ಪುಸ್ತಕವಾದರೆ ಕಪಾಟಿನಲ್ಲಿ ಉಳಿಯುತ್ತದೆ. ಡೌನ್‌ಲೋಡ್ ಮಾಡುವ ಗೇಮ್ ಮಾರುವವರ ಮರ್ಜಿಯಲ್ಲಿರುತ್ತದೆ.

ಮುಂದೇನಾಯಿತು?

2023ರ ಡಿಸೆಂಬರ್‌ನಲ್ಲಿ ಬಂದ ಮೊಬೈಲ್ ಆವೃತ್ತಿಯಲ್ಲಿ ಹಳೆಯ ಬೆಳಕು, ಬಣ್ಣಗಳ ಆಯ್ಕೆ ಕೊಟ್ಟರು. ಅದು ಉಳಿದ ಆವೃತ್ತಿಗಳಿಗೆ ಬಂದದ್ದು 2024ರ ನವೆಂಬರ್‌ನಲ್ಲಿ, ಮೂರು ವರ್ಷ ತಡವಾಗಿ.

ಹಾಗಾಗಿ ಹಳೆಯದರ ಮೇಲಿನ ಪ್ರೀತಿ ಬರೀ ಮೋಹವಲ್ಲ. ಇನ್ನೊಂದು ಮಾತು: “ವೈಸ್ ಸಿಟಿ ಫ್ರೀ” ಎಂಬ ಎಪಿಕೆ ಲಿಂಕ್ ಗುಂಪಿನಲ್ಲಿ ಬಂದರೆ ಒತ್ತಬೇಡಿ, ಫಾರ್ವರ್ಡ್ ಮಾಡಲೂಬೇಡಿ. ಅಂಥ ಫೈಲಿನಲ್ಲಿ ಗೇಮ್ ಬದಲು ನಿಮ್ಮ ಒಟಿಪಿ ಕದಿಯುವ ಆ್ಯಪ್ ಇರಬಹುದು.